ಹಳೆಯ ಆಕ್ಟಿವ್ ಬೇಸ್ ಗಿಟಾರ್ ಕೈಸೇರಿದೆ: ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ

ಹನ್ನೆರಡು ವರ್ಷ ಒಂದೇ ಪ್ಯಾಸಿವ್ (ಒಳಗೆ ಬ್ಯಾಟರಿಯಾಗಲಿ ಆಂಪ್ಲಿಫೈಯರ್ ಆಗಲಿ ಇಲ್ಲದ) ಬೇಸ್ ನುಡಿಸಿಕೊಂಡು ಬಂದವನಿಗೆ ಎರಡು ವಾರದ ಹಿಂದೆ 1970ರ ದಶಕದ ಕೊನೆಯದೆಂದು ಹೇಳಲಾದ ಆಕ್ಟಿವ್ ಬೇಸ್ ಗಿಟಾರ್ ಸಿಕ್ಕಿದೆ. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮಾತು ಬೆಲೆಯ ಕಡೆಗೂ ಅಸಲಿ-ನಕಲಿಯ ಕಡೆಗೂ ಹೊರಳುತ್ತದೆ, ನನಗೆ ಬೇಕಾಗಿರುವುದು ವಾದ್ಯದ ಪರಿಚಯ. ಒಡಲಿನ ಮೇಲೆ ತಂತಿಗಳು ಕೂರುವ ಬ್ರಿಜ್‌ಗೆ ಸಮೀಪದಲ್ಲಿ ಒಂದೇ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಜೋಡಿ ಸುರುಳಿ), ವಾಲ್ಯೂಮ್, ಟ್ರೆಬಲ್, ಬೇಸ್ ಎಂಬ ಮೂರು ನಾಬ್‌ಗಳು, ಒಂದು 9 ವೋಲ್ಟ್ ಬ್ಯಾಟರಿ. ಆಕ್ಟಿವ್‌ನಿಂದ ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇಲ್ಲ.

ಇ ತಂತಿಯನ್ನು ಗಟ್ಟಿಯಾಗಿ ಮೀಟಿದರೆ ನಾದದ ಅಂಚು ಹರಿದಂತೆ ಚರ್ರೆನ್ನುತ್ತದೆ. ಮೆಲ್ಲಗೆ ನುಡಿಸಿದರೆ ತುಂಬು ದನಿ. ವಾಲ್ಯೂಮ್ ನಾಬ್ ತಿರುಗಿಸಿದಾಗ ಕರಕರ ಸದ್ದು ಬರುತ್ತದೆ. ಟ್ರೆಬಲ್ ಏರಿಸಿದಷ್ಟೂ ಸುಯ್ಯೆನ್ನುವ ಸದ್ದು ಏರುತ್ತದೆ. ಉಳಿದ ಮೂರು ತಂತಿಗಳ ಮುಂದೆ ಜಿ ತಂತಿ ಸ್ವಲ್ಪ ಸೊರಗಿದಂತೆ ಕೇಳುತ್ತದೆ. ಬೇಸ್ ಮತ್ತು ಟ್ರೆಬಲ್ ನಾಬ್‌ಗಳ ನಡುವಿನ ಸ್ಥಾನವೇ ಸಹಜ ನಾದವೆಂದು ಭಾವಿಸಿ ಎರಡನ್ನೂ ಅಲ್ಲಿಯೇ ಇಟ್ಟುಕೊಂಡಿದ್ದೇನೆ, ಆದರೆ ಆ ನಾದ ಉಬ್ಬಿದಂತಿದೆ. ಪರಿಚಿತರೊಬ್ಬರು ವಾದ್ಯದೊಳಗಿನ ಪುಟ್ಟ ಆಂಪ್ಲಿಫೈಯರನ್ನು, ಅಂದರೆ ಹಳೆಯ ಪ್ರಿಆಂಪನ್ನು, ಕಿತ್ತು 18 ವೋಲ್ಟ್‌ನ ಹೊಸದನ್ನು ಹಾಕಿಸಿಬಿಡಿ ಎನ್ನುತ್ತಾರೆ. ಒಳಗೆ ನೋಡಿದಾಗ ಪಾಟ್‌ನ (ನಾಬ್ ತಿರುಗಿಸಿದಾಗ ತಿರುಗುವ ಬಿಡಿಭಾಗದ) ಬೆನ್ನಿನ ಮೇಲೆ 1377833 ಎಂಬ ಸಂಖ್ಯೆ ಕಂಡಿತು. ಅದರಿಂದ ಏನಾದರೂ ತಿಳಿಯುತ್ತದೆಯೇ?

ಮೊದಲ ಉತ್ತರ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಆಕ್ಟಿವ್ ಬೇಸ್‌ನಲ್ಲಿ ಪಿಕಪ್ ಮತ್ತು ಜ್ಯಾಕ್‌ಗಳ ನಡುವೆ ಒಂದು ಪುಟ್ಟ ಆಂಪ್ಲಿಫೈಯರ್ ಕುಳಿತಿರುತ್ತದೆ, ಅದಕ್ಕೆ ಅನ್ನ ಹಾಕುವುದು ಆ ಒಂದು ಬ್ಯಾಟರಿ. ಹೊಸ ಬ್ಯಾಟರಿಯಲ್ಲಿ 9 ವೋಲ್ಟ್‌ಗಿಂತ ತುಸು ಹೆಚ್ಚೇ ಇರುತ್ತದೆ, ಮತ್ತು ಸಾಮಾನ್ಯವಾಗಿ ಪ್ರಿಆಂಪ್ ಅದರ ಅರ್ಧಭಾಗವನ್ನು, ಅಂದರೆ 4.5 ವೋಲ್ಟ್ ಆಸುಪಾಸನ್ನು, ತನ್ನ ನಡುಬಿಂದುವಾಗಿ ಇಟ್ಟುಕೊಂಡು ಸಿಗ್ನಲ್ಲನ್ನು ಅದರ ಮೇಲಕ್ಕೂ ಕೆಳಕ್ಕೂ ತೂಗಿಸುತ್ತದೆ. ಗಟ್ಟಿಯಾಗಿ ಮೀಟಿದಾಗ ಪಿಕಪ್‌ನಿಂದ ಕ್ಷಣಮಾತ್ರ 1 ವೋಲ್ಟ್ ಬಂತೆಂದು ಇಟ್ಟುಕೊಳ್ಳಿ. ಬೇಸ್ ನಾಬ್ ಮಂದ್ರ ಸ್ವರಗಳನ್ನು 12 ಡೆಸಿಬೆಲ್ ಏರಿಸಿದರೆ ವೋಲ್ಟೇಜ್ ನಾಲ್ಕು ಪಟ್ಟಾಗುತ್ತದೆ, ಅಂದರೆ 4 ವೋಲ್ಟ್. ಬ್ಯಾಟರಿ ಹೊಸದಾಗಿದ್ದರೆ ಇದು ಹೇಗೋ ಒಳಗೆ ಹಿಡಿಸುತ್ತದೆ. ಬ್ಯಾಟರಿ 7 ವೋಲ್ಟ್‌ಗೆ ಇಳಿದಿದ್ದರೆ ಎರಡೂ ಬದಿಗೆ ಮೂರೂವರೆ ವೋಲ್ಟ್‌ನಷ್ಟೂ ಜಾಗವಿಲ್ಲದ ಕಾರಣ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ನೀವು ಹೇಳುವ ಹರಿದ ಅಂಚು ಬಹುಶಃ ಇದೇ, ಮೆಲ್ಲಗೆ ನುಡಿಸಿದಾಗ ಅದು ಕಾಣೆಯಾಗುವುದಕ್ಕೂ ಕಾರಣ ಇದೇ.

ಬಹುಶಃ ಎಂದು ಬೇಕೆಂದೇ ಬರೆದೆ, ಏಕೆಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೆ, ತಂತಿ ಬಡಿಯುವುದು ಕೂಡ ಗಟ್ಟಿಯಾಗಿ ಮೀಟಿದಾಗಲೇ ಕೇಳುವುದು. ಕೇಬಲ್ ಕಿತ್ತು, ವಾದ್ಯದ ಮೇಲಿನ ಕೊಂಬಿಗೆ ಕಿವಿ ಆನಿಸಿ ಅದೇ ಸ್ವರವನ್ನು ಅದೇ ಬಲದಲ್ಲಿ ಮೀಟಿ ನೋಡಿ. ಮರದ ಮೂಲಕವೂ ಅದೇ ಸದ್ದು ಬಂದರೆ ದೋಷ ಬ್ಯಾಟರಿಯಲ್ಲಷ್ಟೇ ಇಲ್ಲ.

ಇನ್ನೊಂದು ಪರೀಕ್ಷೆಯನ್ನೂ ಈಗಲೇ ಮಾಡಿಬಿಡಿ. ಬ್ಯಾಟರಿಯ ಒಂದು ತುದಿಗೆ ಮಾತ್ರ ಕ್ಲಿಪ್ ಸಿಕ್ಕಿಸಿ, ಇನ್ನೊಂದು ತುದಿಗೂ ಕ್ಲಿಪ್‌ಗೂ ನಡುವೆ ಮಿಲಿಆಂಪಿಯರ್‌ಗೆ ಇಟ್ಟ ಮೀಟರನ್ನು ಸೇರಿಸಿ, ಜ್ಯಾಕ್‌ಗೆ ಕೇಬಲ್ ಹಾಕಿ. ಇಂಥ ಸರಳ ಪ್ರಿಆಂಪ್‌ಗಳು ಒಂದು ಮಿಲಿಆಂಪಿಯರ್ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆಯಲ್ಲಿ ಬದುಕುತ್ತವೆ. ಆಲ್ಕಲೈನ್ ಬ್ಯಾಟರಿಯೊಂದು ಸುಮಾರು 500 ಮಿಲಿಆಂಪಿಯರ್-ಗಂಟೆ ಹಿಡಿಯುವುದರಿಂದ ನೂರಾರು ಗಂಟೆ ಬಾಳಬೇಕು. ಈಗ ಕೇಬಲ್ ಕಿತ್ತರೆ ಮೀಟರ್ ಸೊನ್ನೆಗೆ ಇಳಿಯಬೇಕು. ಸ್ಟೀರಿಯೋ ಜ್ಯಾಕ್‌ನ ನಡುವಿನ ಎಲೆಯನ್ನು ಮೋನೊ ಪ್ಲಗ್ ಗ್ರೌಂಡ್‌ಗೆ ಸೇರಿಸಿದಾಗ ಬ್ಯಾಟರಿಯ ಋಣ ತುದಿ ಕೂಡಿಕೊಳ್ಳುತ್ತದೆ, ಅದೇ ಇಲ್ಲಿನ ಸ್ವಿಚ್. ಆ ಎಲೆ ಬಾಗಿ ಅಂಟಿಕೊಂಡಿದ್ದರೆ ವಾದ್ಯ ಪೆಟ್ಟಿಗೆಯಲ್ಲಿ ಮಲಗಿದ್ದಾಗಲೂ ಬ್ಯಾಟರಿ ಕರಗುತ್ತಿರುತ್ತದೆ. ಜ್ಯಾಕ್ ಸರಿಯಿದ್ದರೂ ನುಡಿಸಿ ಮುಗಿದ ಮೇಲೆ ಕೇಬಲ್ ಕೀಳುವುದು ಕಡ್ಡಾಯ. ಪ್ಯಾಸಿವ್ ಬೇಸ್‌ನಿಂದ ಬಂದವರಿಗೆ ಈ ಅಭ್ಯಾಸ ಕೈಹತ್ತಲು ನಾಲ್ಕಾರು ಬ್ಯಾಟರಿಗಳು ಬಲಿಯಾಗುತ್ತವೆ, ನನಗೂ ಆದವು.

ಎರಡನೆಯ ಉತ್ತರ

ಪ್ರಿಆಂಪ್ ಕಿತ್ತುಹಾಕುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಆ ಬೇಸ್‌ನ ಅರ್ಧ ನಾದ ಇರುವುದೇ ಅದರಲ್ಲಿ. ಹಳೆಯ ಸರ್ಕ್ಯೂಟ್‌ಗೇ 18 ವೋಲ್ಟ್ ಕೊಟ್ಟು ನೋಡೋಣ ಎಂಬ ಯೋಚನೆಯೂ ಬೇಡ: ಆ ಕಾಲದ ಕಪ್ಯಾಸಿಟರ್‌ಗಳಲ್ಲಿ 16 ವೋಲ್ಟ್ ಮಿತಿಯವೂ ಇರಬಹುದು, ಬೋರ್ಡಿನ ಮೇಲೆ ಎಪಾಕ್ಸಿ ಸುರಿದಿದ್ದರೆ ಅದನ್ನು ಓದಿ ನೋಡುವುದೂ ಸಾಧ್ಯವಿಲ್ಲ.

ಕರಕರ ಸದ್ದಿನ ವಿಷಯದಲ್ಲಿ ಹೆಚ್ಚಿನವರು ಪಾಟ್‌ನ ಕೊಳೆ ಎಂದು ಹೇಳಿ ಕ್ಲೀನರ್ ಸಿಂಪಡಿಸಿ ಸುಮ್ಮನಾಗುತ್ತಾರೆ. ಪ್ಯಾಸಿವ್ ಬೇಸ್‌ನಲ್ಲಿ ಅದು ಸಾಕು. ಆಕ್ಟಿವ್‌ನಲ್ಲಿ ಎರಡನೆಯ ಸಾಧ್ಯತೆಯೊಂದಿದೆ: ಸಿಗ್ನಲ್ಲನ್ನು ಮಾತ್ರ ಹೊರಬಿಟ್ಟು ಬ್ಯಾಟರಿಯ ಡಿಸಿ ವೋಲ್ಟೇಜನ್ನು ತಡೆಯಬೇಕಾದ ಎಲೆಕ್ಟ್ರೊಲಿಟಿಕ್ ಕಪ್ಯಾಸಿಟರ್ ನಾಲ್ಕು ದಶಕಗಳಲ್ಲಿ ಒಣಗಿ ಸೋರತೊಡಗಿರಬಹುದು. ಪಾಟ್‌ಗೆ ಡಿಸಿ ಬಿದ್ದರೆ, ಅದು ಎಷ್ಟೇ ಶುಚಿಯಾಗಿದ್ದರೂ, ತಿರುಗಿಸಿದಾಗಲೆಲ್ಲ ಕೆರೆಯುತ್ತದೆ. ಬೇಸ್‌ಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಆಂಪ್‌ಗೆ ಸಿಕ್ಕಿಸದೆ ಬಿಟ್ಟ ಇನ್ನೊಂದು ತುದಿಯ ಪ್ಲಗ್‌ನ ಮೊನೆ ಮತ್ತು ಒಡಲಿನ ನಡುವೆ ಡಿಸಿ ಅಳೆಯಿರಿ. ಒಂದೆರಡು ಕ್ಷಣದಲ್ಲಿ ಸೊನ್ನೆಯ ಹತ್ತಿರ ನಿಂತರೆ ಅದು ಕೊಳೆಯೇ. ಬ್ಯಾಟರಿ ತೆಗೆದು, ಪಾಟ್‌ನ ಸಂದಿಗೆ ಒಂದು ಚಿಮುಕು ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಬಾರಿ ತಿರುಗಿಸಿ, ವಾರ್ನಿಷ್‌ಗೆ ತಾಗದಂತೆ ಬಟ್ಟೆ ಹಿಡಿಯಿರಿ. ಹತ್ತಾರು ಮಿಲಿವೋಲ್ಟ್ ಕಂಡು ಅದು ಅಲೆದಾಡುತ್ತಿದ್ದರೆ, ಆ ಒಂದು ಕಪ್ಯಾಸಿಟರನ್ನು ಮಾತ್ರ ತಿಳಿದವರಿಂದ ಬದಲಿಸಿ, ತೆಗೆದದ್ದನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲೇ ಇಡಿ.

ಪಾಟ್‌ನ ಸಂಖ್ಯೆ ಓದಲು ಸುಲಭ. 137 ಎಂಬುದು ಸಿಟಿಎಸ್ ಕಂಪನಿಯ ಗುರುತು, 78 ವರ್ಷ, 33 ವಾರ. ಪಾಟ್ 1978ರ ಮೂವತ್ತಮೂರನೆಯ ವಾರದಲ್ಲಿ ತಯಾರಾದದ್ದು. ಅದು ಮೂಲ ಪಾಟ್ ಆಗಿದ್ದರೆ ನಿಮ್ಮ ವಾದ್ಯ ಅದಕ್ಕಿಂತ ಹಿಂದಿನದಾಗಿರಲಾರದು, ಅಷ್ಟೇ; ತಿಂಗಳುಗಟ್ಟಲೆ ದಾಸ್ತಾನಿನಲ್ಲಿ ಕುಳಿತ ಪಾಟ್‌ಗಳೂ ಇರುತ್ತವೆ. ಬೆಸುಗೆ ಮೊದಲಿನದೇ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಿ: ಎರಡನೆಯ ಬಾರಿ ಕಾಯಿಸಿದ ಬೆಸುಗೆಯ ಸುತ್ತ ಫ್ಲಕ್ಸ್‌ನ ಕಂದು ಕಲೆ ಮತ್ತು ತಂತಿಯ ಸುಟ್ಟ ಹೊದಿಕೆ ಸಾಮಾನ್ಯವಾಗಿ ಗುಟ್ಟು ಬಿಟ್ಟುಕೊಡುತ್ತವೆ.

ಮೂರನೆಯ ಉತ್ತರ

ಮೇಲಿನ ಇಬ್ಬರೂ ರೋಗದ ಬಗ್ಗೆ ಬರೆದಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ಅರ್ಧಭಾಗ ರೋಗವೇ ಅಲ್ಲ, ಸ್ವಭಾವ.

ಪ್ಯಾಸಿವ್ ಬೇಸ್‌ನ ಟೋನ್ ನಾಬ್‌ಗೆ ಕಳೆಯುವುದಷ್ಟೇ ಗೊತ್ತು. ಪಿಕಪ್‌ನ ಹೆಚ್ಚಿನ ಇಂಪಿಡೆನ್ಸ್ ಮತ್ತು ಕೇಬಲ್‌ನ ಕಪ್ಯಾಸಿಟೆನ್ಸ್ ಸೇರಿ ತಾರ ಸ್ವರಗಳನ್ನು ದಾರಿಯಲ್ಲೇ ಸವೆಸುವುದರಿಂದ, ಉದ್ದ ಕೇಬಲ್ ಹಾಕಿದಾಗ ನಾದ ಮಂಕಾಗುತ್ತದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಂಥ ಬೇಸ್‌ಗಳಲ್ಲಿ ಪ್ರಿಆಂಪನ್ನು ವಾದ್ಯದೊಳಗೇ ಇಟ್ಟಾಗ ಆ ಸವೆತ ತಪ್ಪಿತು, ಜೊತೆಗೆ ಕೂಡಿಸುವ ಶಕ್ತಿಯೂ ಬಂತು. ಲೂಯಿಸ್ ಜಾನ್ಸನ್ ಹೆಬ್ಬೆರಳಿನಿಂದ ಬಡಿದು ನುಡಿಸಿದ್ದೂ, ಷಿಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಮೃದುವಾಗಿ ನುಡಿಸಿದ್ದೂ ಆ ಬಗೆಯ ಬೇಸನ್ನೇ. ಅವರಿಬ್ಬರ ನಾದದ ಅಂತರ ನಾಬ್‌ಗಿಂತ ಬೆರಳಿನಲ್ಲಿ ಹೆಚ್ಚಿದೆ ಎಂಬುದು ನನ್ನ ನಂಬಿಕೆ.

ಬೇಸ್, ಟ್ರೆಬಲ್ ಎಂಬ ಎರಡೇ ಟೋನ್ ನಾಬ್‌ಗಳಿರುವ (ಎರಡು ಬ್ಯಾಂಡ್‌ನ) ಹಳೆಯ ಸರ್ಕ್ಯೂಟ್‌ಗಳಲ್ಲಿ ಬೇಸ್ ನಾಬ್ ಬಹುಮಟ್ಟಿಗೆ ಏರಿಸುವುದಕ್ಕಾಗಿಯೇ ಇರುತ್ತದೆ. ಅದರ ಸಹಜ ಸ್ಥಾನ ನಡುವಿನಲ್ಲಿಲ್ಲ, ಕೆಳತುದಿಯ ಹತ್ತಿರ ಇದೆ. ನಡುವಿನಲ್ಲಿ ಕ್ಲಿಕ್ ಎಂದು ನಿಲ್ಲುವ ಗುರುತು ಇಲ್ಲದಿದ್ದರೆ ಅದನ್ನು ಸೂಚನೆಯೆಂದೇ ತಿಳಿಯಿರಿ. ಹೀಗಾಗಿ ನಿಮ್ಮ ಬೇಸ್ ಎರಡು ವಾರದಿಂದ ಮಂದ್ರವನ್ನು ಸಾಕಷ್ಟು ಉಬ್ಬಿಸಿಕೊಂಡೇ ನುಡಿದಿದೆ, ಇ ತಂತಿ ಚರ್ರೆನ್ನಲು ಅದೂ ಪಾಲುದಾರ. ಬೇಸ್ ನಾಬನ್ನು ಪೂರ್ತಿ ಇಳಿಸಿ, ಟ್ರೆಬಲ್ಲನ್ನು ಕಾಲುಭಾಗಕ್ಕೆ ತಂದು, ಆಂಪ್‌ನ ನಾಬ್‌ಗಳನ್ನೆಲ್ಲ ಸಮಕ್ಕೆ ಇಟ್ಟು ಒಂದು ವಾರ ಹಾಗೆಯೇ ನುಡಿಸಿ. ಆಮೇಲೆ ಕೂದಲೆಳೆಯಷ್ಟು ಏರಿಸುತ್ತ ಎಲ್ಲಿ ಬದಲಾವಣೆ ಕೇಳಿಬರುತ್ತದೆಂದು ಕಿವಿಯಿಂದಲೇ ಗುರುತಿಸಿಕೊಳ್ಳಿ.

ಸುಯ್ಯೆನ್ನುವ ಸದ್ದು ಟ್ರೆಬಲ್ ನಾಬಿನ ಜೊತೆ ಏರಿಳಿದರೆ ಅದು ಸಹಜ: ಏರಿಸಿದ ತಾರದ ಪಟ್ಟಿಯಲ್ಲಿ ಸರ್ಕ್ಯೂಟಿನ ಸ್ವಂತ ಸದ್ದೂ ಏರುತ್ತದೆ. ಆಂಪ್‌ನ ಟ್ವೀಟರ್ ತಗ್ಗಿಸಿ, ಆಕ್ಟಿವ್ ಎಂದು ಬರೆದ ಇನ್‌ಪುಟ್ ಇದ್ದರೆ ಅದನ್ನು ಬಳಸಿ. ಜಿ ತಂತಿಗಾಗಿ ಪಿಕಪ್ಪನ್ನು ಅದರ ಬದಿಯಲ್ಲಿ ಅರ್ಧ ಮಿಲಿಮೀಟರ್ ಏರಿಸಿ, ಇ ತಂತಿಯ ಬದಿಯಲ್ಲಿ ಅಷ್ಟೇ ಇಳಿಸಿ. ಪಿಕಪ್ ಅತಿಯಾಗಿ ಸಮೀಪವಾದರೆ ಆಯಸ್ಕಾಂತವೇ ತಂತಿಯನ್ನು ಎಳೆದು ಶ್ರುತಿ ಕದಡುತ್ತದೆ, ಪ್ರಿಆಂಪ್‌ಗೂ ಹೊರೆಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಬ್ಯಾಟರಿಯಲ್ಲಿ ಇದ್ದದ್ದು 6.8 ವೋಲ್ಟ್. ಕೇಬಲ್ ಹಾಕಿದಾಗ 0.6 ಮಿಲಿಆಂಪಿಯರ್, ಕಿತ್ತಾಗ ಸೊನ್ನೆ. ಜ್ಯಾಕ್ ನಿರಪರಾಧಿ, ರಾತ್ರಿಯೆಲ್ಲ ಕೇಬಲ್ ಬಿಟ್ಟವನು ನಾನೇ. ಕೇಬಲ್ ತುದಿಯಲ್ಲಿ ಡಿಸಿ ಎರಡು ಮಿಲಿವೋಲ್ಟ್‌ಗಿಂತ ಕಡಿಮೆ ಇತ್ತು, ಕ್ಲೀನರ್‌ನಿಂದ ಕರಕರ ಹೋಯಿತು. ಹೊಸ ಬ್ಯಾಟರಿ ಹಾಕಿ ಬೇಸ್ ನಾಬ್ ಇಳಿಸಿದಾಗ ಚರ್ರೆನ್ನುವುದು ಬಹುಪಾಲು ನಿಂತರೂ ಏಳನೆಯ ಫ್ರೆಟ್‌ನಲ್ಲಿ ಸಣ್ಣದೊಂದು ಝೇಂಕಾರ ಉಳಿಯಿತು. ಕೊಂಬಿಗೆ ಕಿವಿ ಆನಿಸಿದಾಗ ಅದು ಮರದಲ್ಲೂ ಇತ್ತು. ಫ್ರೆಟ್‌ಗಳನ್ನೆಲ್ಲ ಅನುಮಾನಿಸಿದ ಮೇಲೆ ಸಿಕ್ಕಿದ್ದು ಇಷ್ಟು: ಬ್ರಿಜ್‌ನಲ್ಲಿ ಇ ತಂತಿ ಕೂರುವ ಸ್ಯಾಡಲ್‌ನ ಎತ್ತರ ಹೊಂದಿಸುವ ಎರಡು ಸ್ಕ್ರೂಗಳಲ್ಲಿ ಒಂದು ಬ್ರಿಜ್‌ನ ತಗಡಿಗೆ ತಾಗದೆ ತೂಗಾಡುತ್ತಿತ್ತು. ಅರ್ಧ ಸುತ್ತು ಇಳಿಸಿದೆ, ಸದ್ದು ನಿಂತಿತು.

ತಂತಿಗಳು ಹಳೆಯವು, ಅವನ್ನು ಬದಲಿಸಿ ಕತ್ತಿನ ಬಾಗು ಹೊಂದಿಸುವ ಒಳಗಿನ ಸರಳನ್ನೂ, ಅಂದರೆ ಟ್ರಸ್ ರಾಡನ್ನೂ, ಒಮ್ಮೆ ಬಿಗಿ ಮಾಡಲೇ?

ಮೊದಲ ಉತ್ತರದವರಿಂದ

ತಂತಿ ಬದಲಿಸಿ, ಈಗಿರುವ ದಪ್ಪವನ್ನೇ ಹಾಕಿ, ನಾಲ್ಕನ್ನೂ ಒಮ್ಮೆಲೇ ಬಿಚ್ಚದೆ ಒಂದೊಂದಾಗಿ. ರಾಡನ್ನು ಅಂದೇ ಮುಟ್ಟಬೇಡಿ, ಕತ್ತು ಹೊಸ ಸೆಳೆತಕ್ಕೆ ಒಗ್ಗಲು ಒಂದು ದಿನ ಕೊಡಿ. ಮರುದಿನ ಶ್ರುತಿ ಮಾಡಿ, ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕತ್ತು ಒಡಲನ್ನು ಸೇರುವಲ್ಲೂ ಒತ್ತಿ ಹಿಡಿದು ಏಳು-ಎಂಟನೆಯ ಫ್ರೆಟ್‌ನ ಮೇಲಿನ ಸಂದಿಯನ್ನು ನೋಡಿ. ಅಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಿ, ಅಂದರೆ ಸುಮಾರು 0.3 ಮಿಲಿಮೀಟರ್ ಇದ್ದು, ಹೆಚ್ಚು ಜಾಗ ಉಳಿಯದಿದ್ದರೆ ರಾಡ್‌ಗೆ ಕೆಲಸವೇ ಇಲ್ಲ. ಸಂದಿ ಹೆಚ್ಚಿದ್ದರೆ ಮಾತ್ರ ತಂತಿ ಸಡಿಲಿಸಿ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ದಶಕಗಳಿಂದ ತಿರುಗದ ನಟ್ ಅದಾಗಿರಬಹುದು. ಕೈಗೆ ಬಿಗಿಯೆನಿಸಿದ ಕೂಡಲೇ ನಿಲ್ಲಿಸಿ, ಕೆಲಸ ಬಲ್ಲವರ ಬಳಿಗೆ ಒಯ್ಯಿರಿ.