ಪಿಕಪ್ ಗಾಡಿಯ ಪ್ಲಗ್, ಕಾಯಿಲ್: ಮೆಕ್ಯಾನಿಕ್ ಅಣ್ಣನನ್ನು ಕೇಳಿ

ಗ್ರೂಪ್ ಅಡ್ಮಿನ್: ಕುಂದಾಪುರದ ನಮ್ಮ ಮೆಕ್ಯಾನಿಕ್ ಅಣ್ಣ ಮೊದಲು ಮಸ್ಕತ್‌ನಲ್ಲಿದ್ದರು, ಈಗ ಊರಲ್ಲೇ ಪೆಟ್ರೋಲ್, ಸಿಎನ್‌ಜಿ ಪಿಕಪ್‌ಗಳ ಕೆಲಸ ಮಾಡುತ್ತಾರೆ. ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಅದಕ್ಕೆ ವೋಲ್ಟೇಜ್ ಏರಿಸಿ ಕೊಡುವ ಇಗ್ನಿಷನ್ ಕಾಯಿಲ್ ಬಗ್ಗೆ ಕೇಳಿ. ವಾಯ್ಸ್ ಮೆಸೇಜ್ ಬೇಡ.

ತರಕಾರಿ ಗಾಡಿ, ಹಾಸನ: ಅಣ್ಣ ನಮಸ್ಕಾರ. ಸಿಎನ್‌ಜಿ ಪಿಕಪ್, ನಾಲ್ಕು ಸಿಲಿಂಡರ್. ಗ್ಯಾಸ್‌ಗೆ ಹಾಕಿದರೆ ನಿಂತಲ್ಲೇ ಮಿಸ್ಸಿಂಗ್. ಪೆಟ್ರೋಲ್‌ಗೆ ಹಾಕಿದರೆ ಸರಿ. ಕಾಯಿಲ್ ಹೋಗಿದೆಯಾ?

ಮೆಕ್ಯಾನಿಕ್: ನಮಸ್ಕಾರ. ಮೊದಲು ಪ್ಲಗ್ ಬಿಚ್ಚಿ ನೋಡಿ. ಗ್ಯಾಸ್‌ನಲ್ಲಿ ಕಿಡಿ ಹಾರಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ತುದಿ ಸವೆದು ಗ್ಯಾಪ್ (ಕಿಡಿ ಹಾರುವ ಸಂದು) ದೊಡ್ಡದಾದರೂ ಪೆಟ್ರೋಲ್‌ನಲ್ಲಿ ಹೇಗೋ ಓಡುತ್ತದೆ, ಗ್ಯಾಸ್‌ನಲ್ಲಿ ಸಿಕ್ಕಿಬೀಳುತ್ತದೆ. ಸವೆದ ಪ್ಲಗ್‌ನಲ್ಲೇ ಓಡಿಸಿದರೆ ಕಾಯಿಲ್ ಮೇಲೆ ಭಾರ ಬಿದ್ದು ಕೊನೆಗೆ ಅದೂ ಹೋಗುತ್ತದೆ. ಗ್ಯಾಪ್ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ, ಪಕ್ಕದ ಮನೆಯವರ ಕಾರಿನ ಅಳತೆ ಇಡಬೇಡಿ.

ಬೊಲೆರೊ, ಹಾವೇರಿ: ನಮ್ಮ ಪಿಕಪ್ ಡೀಸೆಲ್. ಯಾವ ಕಂಪನಿ ಪ್ಲಗ್ ಹಾಕಿಸಲಿ ಸರ್?

ಮೆಕ್ಯಾನಿಕ್: ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕಾಯಿಲೂ ಇಲ್ಲ. ಇರುವುದು ಹೀಟರ್ ಪ್ಲಗ್. ಅದು ಬೇರೆ ವಿಷಯ.

ಹುಲ್ಲು ಲೋಡ್, ಮೂಡಿಗೆರೆ: ಅಣ್ಣ, ನಮ್ಮದೂ ಸಿಎನ್‌ಜಿ. ಏರಿನಲ್ಲಿ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ. ಆಗ ಡ್ಯಾಶ್‌ಬೋರ್ಡಿನ ಎಂಜಿನ್ ಚೆಕ್ ಲೈಟ್ ಮಿಣುಕುತ್ತದೆ, ಸಪಾಟು ರಸ್ತೆಗೆ ಬಂದರೆ ಮಿಣುಕುವುದು ನಿಂತು ಸುಮ್ನೆ ಉರಿಯುತ್ತದೆ. ಗಾಡಿ ನಿಲ್ಲಿಸಿದರೆ ಕೆಳಗಿಂದ ಕೊಳೆತ ಮೊಟ್ಟೆ ವಾಸನೆ. ನಾಳೆ ಹಾಸನದಿಂದ ಒಂದು ಲೋಡ್ ಭತ್ತದ ಹುಲ್ಲು ತರುವುದಿದೆ. ಅದು ಮುಗಿಸಿ ತೋರಿಸಿದರೆ ಆಗುತ್ತಲ್ವಾ?

ತರಕಾರಿ ಗಾಡಿ, ಹಾಸನ: ಅಣ್ಣ, ಕಾಯಿಲ್ ಒಂದೇ ಬದಲಿಸಲಾ, ನಾಲ್ಕೂ ಬದಲಿಸಲಾ?

ಮೆಕ್ಯಾನಿಕ್: ತರಕಾರಿಯವರು ಸ್ವಲ್ಪ ತಡೆಯಿರಿ. ಮೂಡಿಗೆರೆಯವರೇ, ಆಗುವುದಿಲ್ಲ. ನಾಳೆಯ ಲೋಡ್ ಬೇರೆ ಗಾಡಿಗೆ ಹೇಳಿ.

ಚೆಕ್ ಲೈಟ್ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಎಂಜಿನ್‌ನ ಯಾವುದೋ ಸಿಲಿಂಡರ್‌ನಲ್ಲಿ ಉರಿಯದ ಇಂಧನ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಅಂತ. ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಸಿಲಿಂಡರ್‌ನಲ್ಲಿ ಉರಿಯಬೇಕಾದದ್ದು ಅಲ್ಲಿ ಉರಿಯುತ್ತದೆ. ಒಳಗಿನ ಪಿಂಗಾಣಿ ಕರಗುತ್ತದೆ, ಹೊರಗಿನ ಲೋಹ ಕೆಂಪಗೆ ಕಾಯುತ್ತದೆ. ನೀವು ಊಟಕ್ಕೆ ಅಂತ ಗಾಡಿಯನ್ನು ರಸ್ತೆ ಬದಿಯ ಒಣಹುಲ್ಲಿನ ಮೇಲೆ ನಿಲ್ಲಿಸುತ್ತೀರಿ. ಮೇಲೆ ಲೋಡ್ ಕೂಡ ಹುಲ್ಲೇ. ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್. ಇನ್ನೇನು ಹೇಳಲಿ ಮಾರಾಯ್ರೆ?

ಈಗ ವಾಸನೆ. ಎಂಜಿನ್ ಬಿಸಿಯಿದ್ದಾಗ ಮಾತ್ರ ಬಂದರೆ ಬಹುಮಟ್ಟಿಗೆ ಕನ್ವರ್ಟರ್‌ನದ್ದು. ರಾತ್ರಿಯಿಡೀ ನಿಂತ ತಣ್ಣನೆ ಗಾಡಿಯಲ್ಲಿ, ಬೆಳಿಗ್ಗೆ ಬಾಗಿಲು ತೆಗೆದಾಗಲೂ ಬಂದರೆ ಗ್ಯಾಸ್ ಲೀಕ್ ಅಂತಲೇ ತಿಳಿಯಿರಿ, ಸಿಎನ್‌ಜಿಗೂ ವಾಸನೆ ಬೆರೆಸಿರುತ್ತಾರೆ. ಹಾಗಿದ್ದರೆ ಪ್ಲಗ್, ಕಾಯಿಲ್ ಏನೂ ಮುಟ್ಟಬೇಡಿ. ಕೀ ತಿರುಗಿಸಬೇಡಿ. ಗ್ಯಾಸ್ ಸಿಲಿಂಡರ್‌ನ ವಾಲ್ವ್ ಮುಚ್ಚಿ, ಶೆಡ್ಡಿನಲ್ಲಿದ್ದರೆ ತಳ್ಳಿ ಬಯಲಿಗೆ ತನ್ನಿ, ಸಿಎನ್‌ಜಿ ಕೆಲಸ ಗೊತ್ತಿರುವವರನ್ನು ಅಲ್ಲಿಗೇ ಕರೆಸಿ.

ಲೀಕ್ ಇಲ್ಲ ಅಂತ ಖಾತ್ರಿಯಾದ ಮೇಲೆ ಸ್ಕ್ಯಾನರ್ ಹಾಕಿಸಿ. ಪಿ0301 ಅನ್ನುವ ಕೋಡ್ ಬಂದರೆ ತೊಂದರೆ ಎಂಜಿನ್‌ನ 1ನೇ ಸಿಲಿಂಡರ್‌ನದ್ದು, ಪಿ0304 ಬಂದರೆ 4ನೇದು. ಪಿ0300 ಬಂದರೆ ಇಂಥದ್ದೇ ಅಂತಿಲ್ಲ. 3ನೇದು ಅಂತ ಇಟ್ಟುಕೊಳ್ಳಿ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ 3ರ ಕಾಯಿಲ್ 2ಕ್ಕೆ, 2ರದ್ದು 3ಕ್ಕೆ ಹಾಕಿ. ಪ್ಲಗ್ ಇದ್ದಲ್ಲೇ ಇರಲಿ. ಕೋಡ್ ಅಳಿಸಿ, ಖಾಲಿ ಗಾಡಿಯನ್ನು ಗ್ಯಾರೇಜ್ ಹತ್ತಿರವೇ ಸ್ವಲ್ಪ ಓಡಿಸಿ. ಈಗ ಪಿ0302 ಬಂತೋ, ಕೆಟ್ಟದ್ದು ಕಾಯಿಲ್. 3ರಲ್ಲೇ ನಿಂತರೆ ಪ್ಲಗ್‌ಗಳನ್ನು ಅದಲುಬದಲು ಮಾಡಿ ನೋಡಿ. ಆಗಲೂ 3ರಲ್ಲೇ ಇದ್ದರೆ ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ನೋಡಬೇಕು. ಇಷ್ಟಕ್ಕೆ ಒಂದು ರೂಪಾಯಿಯ ಸಾಮಾನೂ ಬೇಡ.

ನೀರಿನ ಕ್ಯಾನ್, ತುಮಕೂರು: ಇನ್ನೊಂದು ಗ್ರೂಪಿನಲ್ಲಿ ಬಂದದ್ದು ಕಳಿಸುತ್ತಿದ್ದೇನೆ. ‘ಪ್ಲಗ್ಗನ್ನು ಗ್ಯಾಸ್ ಸ್ಟವ್ ಮೇಲೆ ಕೆಂಪಗೆ ಕಾಯಿಸಿ ಎಮರಿ ಪೇಪರ್‌ನಲ್ಲಿ ಉಜ್ಜಿ. ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ. ಎಂಜಿನ್ ಓಡುವಾಗ ಒಂದೊಂದೇ ಕಾಯಿಲ್ ಎತ್ತಿ ನೋಡಿ, ಶಬ್ದ ಬದಲಾಗದಿದ್ದರೆ ಅದೇ ಕೆಟ್ಟದ್ದು.’ ಎಲ್ಲರಿಗೂ ಉಪಯೋಗ ಆಗಲಿ.

ಮೆಕ್ಯಾನಿಕ್: ಯಾರಿಗೂ ಉಪಯೋಗ ಆಗುವುದು ಬೇಡ. ಇರಿಡಿಯಂ ತುದಿ ಒಂದು ಮಿಲಿಮೀಟರ್‌ಗಿಂತ ತೆಳು. ಉಜ್ಜಿದರೆ ಪ್ಲಗ್ ಕಥೆ ಮುಗೀತು. ಸೀಮೆಎಣ್ಣೆಯ ಆಕ್ಟೇನ್ ಕಮ್ಮಿ, ಎಂಜಿನ್ ನಾಕ್ ಹೊಡೆಯುತ್ತದೆ. ಕಾಯಿಲ್ ಎತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. 12 ವೋಲ್ಟ್ ಒಳಗೆ ಹೋಗಿ ಹೊರಗೆ ಬರುವುದು 20, 30 ಸಾವಿರ ವೋಲ್ಟ್. ಪ್ಲಗ್ ಸಿಗದಿದ್ದರೆ ಅದು ನಿಮ್ಮ ಕೈಗೋ ಬಾಡಿಗೋ ಹಾರುತ್ತದೆ, ಇಲ್ಲವಾದರೆ ಕಾಯಿಲ್‌ನ ಒಳಗೇ ಸುಡುತ್ತದೆ. ಗ್ಯಾಸ್ ಗಾಡಿಯ ಹತ್ತಿರ ಕಿಡಿ ಹಾರಿಸಿ ಆಟ ಆಡುವುದಾ?

ಹಳೇ ಡ್ರೈವರ್, ದಾವಣಗೆರೆ: ನಾವು ಅಂಬಾಸಿಡರ್ ಕಾಲದಿಂದ ಪ್ಲಗ್ ವೈರ್ ಕಿತ್ತೇ ನೋಡಿದ್ದು. ಏನೂ ಆಗಿಲ್ಲ.

ಮೆಕ್ಯಾನಿಕ್: ಆ ಕಾಲದ ಅಂಬಾಸಿಡರ್‌ನಲ್ಲಿ ಕಂಪ್ಯೂಟರ್ ಇರಲಿಲ್ಲ.

ಟೆಕ್ಸಾಸ್ ಕನ್ನಡಿಗ: ಸರ್, ಇಲ್ಲಿ 2006ರ ಫೋರ್ಡ್ ಎಫ್-150 ಪಿಕಪ್ ತಗೊಂಡಿದ್ದೇನೆ. 5.4 ಲೀಟರ್ ವಿ8, ಮೂರು ವಾಲ್ವ್‌ನದ್ದು. ಎಂಟೂ ಪ್ಲಗ್ ನಾನೇ ಬದಲಿಸೋಣ ಅಂತಿದ್ದೇನೆ. ಮುರಿಯುತ್ತವೆ ಅಂತ ಹೆದರಿಸುತ್ತಿದ್ದಾರೆ.

ಮೆಕ್ಯಾನಿಕ್: ಅಬ್ಬ, ಆ ಎಂಜಿನ್ನಾ! ಹೆದರಿಸಿದವರು ಸುಳ್ಳು ಹೇಳಿಲ್ಲ. 2004ರಿಂದ 2008ರ ಗಾಡಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ, ಕಂಪನಿಯೇ ಗ್ಯಾರೇಜ್‌ಗಳಿಗೆ ಬುಲೆಟಿನ್ ಕಳಿಸಿತ್ತು. ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು. ಕೆಳಗಿನ ಉದ್ದನೆ ಕೊಳವೆಗೆ ಕಾರ್ಬನ್ ಹಿಡಿದು ಎಂಜಿನ್ ಹೆಡ್‌ಗೆ ಅಂಟಿಕೊಳ್ಳುತ್ತದೆ. ಜೋರಾಗಿ ತಿರುಗಿಸಿದರೆ ಮೇಲಿನ ತುಂಡು ಕೈಗೆ, ಕೆಳಗಿನದ್ದು ಹೆಡ್‌ನಲ್ಲೇ.

ಎಂಜಿನ್ ಪೂರ್ತಿ ತಣ್ಣಗಿರಲಿ. ಕಾಲು ಸುತ್ತಿನೊಳಗೆ ಸಡಿಲಿಸಿ ನಿಲ್ಲಿಸಿ. ಗುಂಡಿಗೆ ಸ್ವಲ್ಪ ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು ಕನಿಷ್ಠ 15 ನಿಮಿಷ ಕಾಯಿರಿ. ಆಮೇಲೆ ಸಡಿಲ, ಬಿಗಿ, ಸಡಿಲ, ಬಿಗಿ. ಕಿರ್ ಅಂತ ಬಿಗಿಯಾದರೆ ಎಳೆಯಬೇಡಿ, ಹಿಂದಕ್ಕೆ ಹೋಗಿ ಮತ್ತೆ ಕ್ಲೀನರ್ ಬಿಡಿ. ಮುರಿದ ತುಂಡು ತೆಗೆಯುವ ಟೂಲ್ ಅಲ್ಲಿ ಸಿಗುತ್ತದೆ, ಕೆಲಸ ಶುರುಮಾಡುವ ಮೊದಲೇ ತಂದಿಟ್ಟುಕೊಳ್ಳಿ. ಹೊಸದು ಬಿಗಿ ಮಾಡುವುದು 34 ನ್ಯೂಟನ್ ಮೀಟರ್. ಹಳೆ ಮಾದರಿಯದ್ದನ್ನೇ ಹಾಕುವುದಾದರೆ ಅಂಟಿಕೊಳ್ಳದಂತೆ ತಡೆಯುವ ನಿಕಲ್ ಆ್ಯಂಟಿಸೀಜ್ ಪೇಸ್ಟ್ ಆ ಕೊಳವೆಗೆ ಮಾತ್ರ ತೆಳ್ಳಗೆ ಹಚ್ಚಿ, ಥ್ರೆಡ್‌ಗೆ ಬೇಡ. ಒಂದೇ ತುಂಡಿನ ಪ್ಲಗ್ಗೂ ಸಿಗುತ್ತದೆ. ನಾನಾದರೆ ಅದನ್ನೇ ಹಾಕುತ್ತೇನೆ.

ಹಳೇ ಡ್ರೈವರ್, ದಾವಣಗೆರೆ: ತಣ್ಣಗಿದ್ದರೆ ಬರೋದಿಲ್ಲ. ಬಿಸಿ ಎಂಜಿನ್‌ನಲ್ಲಿ ಬಿಚ್ಚಬೇಕು. ಲೋಹ ಹಿಗ್ಗುತ್ತದೆ, ಶಾಲೆ ಮಕ್ಕಳಿಗೂ ಗೊತ್ತು.

ತರಕಾರಿ ಗಾಡಿ, ಹಾಸನ: ಯಜಮಾನ್ರೇ, ಅಲ್ಯೂಮಿನಿಯಂ ಹೆಡ್ ಬಿಸಿಯಿದ್ದಾಗ ಬಿಚ್ಚಿದರೆ ಥ್ರೆಡ್ ಕಿತ್ತು ಬರುತ್ತದೆ. ನಮ್ಮ ಮಾವನ ಗಾಡಿಯಲ್ಲಿ ಹಾಗೇ ಆಯಿತು.

ಹಳೇ ಡ್ರೈವರ್, ದಾವಣಗೆರೆ: ನಿಮ್ಮ ಮಾವನಿಗೆ ಪಾನಾ ಹಿಡಿಯಲು ಬರುತ್ತಿರಲಿಲ್ಲ ಅಷ್ಟೇ.

ತರಕಾರಿ ಗಾಡಿ, ಹಾಸನ: ಮಾವನ ವಿಷಯ ಬೇಡ. ಅವರು ಗಾಡಿ ಓಡಿಸುವಾಗ ನೀವು ಕ್ಲೀನರ್ ಆಗಿದ್ದಿರಿ.

ನೀರಿನ ಕ್ಯಾನ್, ತುಮಕೂರು: ಟೆಕ್ಸಾಸ್‌ನವರಿಗೆ ಅಷ್ಟುದ್ದ ಉತ್ತರ. ನಾವು ಕೇಳಿದರೆ ಬೈಗುಳ. ಡೂಪ್ಲಿಕೇಟ್ ಕಾಯಿಲ್ ಗುರುತಿಸುವುದು ಹೇಗೆ ಅಂತಾದರೂ ಹೇಳಿ.

ಬೊಲೆರೊ, ಹಾವೇರಿ: ಹೀಟರ್ ಪ್ಲಗ್ ಯಾವ ಕಂಪನಿದು ಹಾಕಿಸಲಿ?

ಮಾವಿನ ಗಾಡಿ, ಕೋಲಾರ: ಕಾಯಿಲ್ ಒಂದೇ ಹಾಕಿಸಿದರೆ ಸಾಕಾ ಸರ್?

ಮೆಕ್ಯಾನಿಕ್: ಕೆಟ್ಟದ್ದು ಒಂದಾದರೆ ಒಂದು. ಪ್ಲಗ್ ಮಾತ್ರ ನಾಲ್ಕೂ ಒಟ್ಟಿಗೆ. ಇದನ್ನು ಇನ್ನೊಮ್ಮೆ ಕೇಳಬೇಡಿ.

ಮಾವಿನ ಗಾಡಿ, ಕೋಲಾರ: ಮೊದಲನೇ ಸಲ ಕೇಳಿದ್ದು ಸರ್ ನಾನು.

ಅಡ್ಮಿನ್: ಮಾವನ ವಿಷಯ, ಕ್ಲೀನರ್ ವಿಷಯ ಪರ್ಸನಲ್ ಆಗಿ ಮಾತಾಡಿಕೊಳ್ಳಿ.

ಹುಲ್ಲು ಲೋಡ್, ಮೂಡಿಗೆರೆ: ಅಣ್ಣ, ತಣ್ಣಗಿದ್ದಾಗ ವಾಸನೆ ಇಲ್ಲ. ಸೋಪು ನೀರು ಹಾಕಿಯೂ ನೋಡಿದರು, ಲೀಕ್ ಇಲ್ಲ. ಮೊದಲು ಪಿ0303 ಇತ್ತು. ಕಾಯಿಲ್ ಅದಲುಬದಲು ಮಾಡಿದ ಮೇಲೆ ಪಿ0302. 3ರ ಕಾಯಿಲ್ ಎತ್ತಿದಾಗ ಅದರ ರಬ್ಬರ್ ಮೆತ್ತಗೆ ಉಬ್ಬಿತ್ತು, ಪ್ಲಗ್ ಗುಂಡಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಹೊಸ ಕಾಯಿಲ್ ಹಾಕಿಬಿಡಲಾ? ಲೋಡಿನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ.

ಹಳೇ ಡ್ರೈವರ್, ದಾವಣಗೆರೆ: ಬಟ್ಟೆಯಲ್ಲಿ ಒರೆಸಿ ಹಾಕಿ. ಏನೂ ಆಗಲ್ಲ.

ಮೆಕ್ಯಾನಿಕ್: ಒರೆಸಿ ಹಾಕಿದರೆ ಹೊಸ ಕಾಯಿಲ್‌ಗೂ ಅದೇ ಗತಿ. ಆಯಿಲ್ ಬರುವುದು ಎಂಜಿನ್ ಮೇಲಿನ ಟ್ಯಾಪೆಟ್ ಕವರ್‌ನ ಪ್ಲಗ್ ಟ್ಯೂಬ್ ಸೀಲ್‌ನಿಂದ. ಮೊದಲು ಸೀಲ್ ಮತ್ತು ಕವರ್ ಗ್ಯಾಸ್ಕೆಟ್ ಹಾಕಿಸಿ. ಪ್ಲಗ್ ಬಿಚ್ಚುವ ಮೊದಲು ಗುಂಡಿಯ ಆಯಿಲ್ ತೆಗೆದು ಗಾಳಿ ಹೊಡೆಸಿ, ಇಲ್ಲವಾದರೆ ಅಷ್ಟೂ ಕೊಳೆ ಸಿಲಿಂಡರ್ ಒಳಗೆ ಬೀಳುತ್ತದೆ. ಹೊಸ ಪ್ಲಗ್ ಕೈಯಲ್ಲೇ ಕೊನೆಯವರೆಗೆ ತಿರುಗಬೇಕು. ಮಧ್ಯೆ ತಡೆದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಾಕಿ. ಆಮೇಲೆ ಪುಸ್ತಕದಲ್ಲಿರುವ ಟಾರ್ಕ್. ಕೊನೆಗೆ ಕನ್ವರ್ಟರ್ ತಣ್ಣಗಿದ್ದಾಗ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಅಂದರೆ ಅದೂ ಹೋಗಿದೆ, ಹಾಗೇ ಲೋಡ್ ಹೊರಬೇಡಿ. ಲೋಡಿನವರಿಗೆ ನನ್ನ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ.