2004-05ರ ಝೆನ್ ಎಲ್‌ಎಕ್ಸ್‌ಐ, ಸ್ಯಾಂಟ್ರೋ ಝಿಂಗ್: ಘಾಟಿ ರಸ್ತೆಗೆ ಯಾವುದು?

ಶಿರಾಡಿ_ತಿರುವು: ಈ ಎರಡು ಹಳೇ ಕಾರುಗಳಲ್ಲಿ ಒಂದನ್ನು ಕೊಳ್ಳಬೇಕು. ಎರಡೂ ಪೆಟ್ರೋಲ್, ಎರಡೂ 2005ರ ನೋಂದಣಿ, ಬೆಲೆಯೂ ಹೆಚ್ಚು ಕಡಿಮೆ ಒಂದೇ. ವಾರಕ್ಕೊಮ್ಮೆ ಸಕಲೇಶಪುರದಿಂದ ಮಂಗಳೂರಿಗೆ ನಾಲ್ಕು ಜನ, ಎಸಿ ಹಾಕಿಕೊಂಡು. ಅದರಲ್ಲಿ ಇಬ್ಬರು ಎಪ್ಪತ್ತು ದಾಟಿದವರು. ಕಾಗದದ ಮೇಲೆ ಪವರ್ ಸಮ ಅನಿಸುತ್ತದೆ, ಓಡಿಸುವಾಗ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ನಾಲ್ಕನೇ_ಗೇರ್: ಬರೀ ಬಿಎಚ್‌ಪಿ (ಇಂಜಿನ್‌ನ ಗರಿಷ್ಠ ಪವರ್) ನೋಡಿದರೆ ಮೋಸ ಹೋಗುತ್ತೀರಿ. ಝೆನ್‌ನದು 993 ಸಿಸಿ, 16 ವಾಲ್ವ್, 60 ಬಿಎಚ್‌ಪಿ. ಝಿಂಗ್‌ನದು 1086 ಸಿಸಿ, 12 ವಾಲ್ವ್, 62ರ ಆಸುಪಾಸು. ಝೆನ್ ಹೆಚ್ಚು ಕಡಿಮೆ 90 ಕೆಜಿ ಹಗುರ, ಹಾಗಾಗಿ ಒಬ್ಬರೇ ಓಡಿಸಿದರೆ ಝೆನ್ನೇ ಹೆಚ್ಚು ಚುರುಕು. ಆದರೆ ಅದರ 78 ಎನ್‌ಎಂ ಟಾರ್ಕ್ (ಎಳೆಯುವ ಬಲ) ಪೂರ್ತಿ ಸಿಗುವುದು ಇಂಜಿನ್ 4500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಝಿಂಗ್‌ಗೆ ಹೆಚ್ಚಿನ ಟಾರ್ಕ್ 3000ದ ಹೊತ್ತಿಗೇ ಸಿಗುತ್ತದೆ. ನಾಲ್ಕು ಜನ ಕೂತು, ಎಸಿ ಹಾಕಿ, ಲಾರಿ ಹಿಂದೆ ನಿಧಾನವಾಗಿ ಏರುವಾಗ ಝೆನ್‌ನಲ್ಲಿ ಎರಡನೇ ಗೇರ್‌ಗೆ ಇಳಿದು ರೇಸ್ ಕೊಡಲೇಬೇಕು. ಅದೇ ಜಾಗದಲ್ಲಿ ಝಿಂಗ್ ಮೂರನೇ ಗೇರ್‌ನಲ್ಲೇ ಎಳೆದುಕೊಂಡು ಹೋಗುತ್ತದೆ. ಝಿಂಗ್‌ನ ಎತ್ತರ 1590 ಮಿಮೀ, ಝೆನ್‌ನದು 1405. ವಯಸ್ಸಾದವರು ಮಂಡಿ ಮಡಚಿ ಕೆಳಗೆ ಕುಸಿಯಬೇಕಿಲ್ಲ. ನಿಮ್ಮ ಬಳಕೆಗೆ ಝಿಂಗ್.

ಟಾರ್ಕ್_ರೆಂಚ್: ಝಿಂಗ್ ಆಗಬಹುದು, ಆದರೆ ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವ್ ಎರಡರ ಚಲನೆ ಹೊಂದಿಸುವ ಬೆಲ್ಟ್) ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಸಮೇತ ಕೇಳಿ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ. ಆ ಇಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ಹೆಡ್ ಬಿಚ್ಚಿ, ಬಾಗಿದ ವಾಲ್ವ್ ತೆಗೆದು, ಹೊಸದನ್ನು ಗ್ರೈಂಡ್ ಮಾಡಿ ಕೂರಿಸುವ ಹೊತ್ತಿಗೆ ಕಾರಿನ ಬೆಲೆಯ ದೊಡ್ಡ ಪಾಲು ಹೋಗಿರುತ್ತದೆ. ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಟೆನ್ಷನರ್ (ಬೆಲ್ಟ್ ಬಿಗಿಯಾಗಿಡುವ ರಾಟೆ), ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ಒಟ್ಟಿಗೇ ಆಗಲಿ, ಯಾಕೆಂದರೆ ಸೀಲ್‌ನಿಂದ ಆಯಿಲ್ ಜಿನುಗಿದರೆ ಹೊಸ ಬೆಲ್ಟ್ ಕೂಡ ಉಬ್ಬಿ ಹಾಳಾಗುತ್ತದೆ.

ಝೆನ್‌ನ ಭಯ ಬೇರೆ. ಬ್ಲಾಕ್ ಕೂಡ ಅಲ್ಯೂಮಿನಿಯಂ, ಒಮ್ಮೆ ಚೆನ್ನಾಗಿ ಹೀಟ್ ಆದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗುತ್ತದೆ. ಇಂಜಿನ್ ತಣ್ಣಗಿರುವಾಗಲೇ ಹೋಗಿ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ. ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಗ್ಯಾಸ್ಕೆಟ್ ಅನುಮಾನ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಕೆನೆ ಕಂಡರೆ ಅಲ್ಲಿಗೇ ಬಿಡಿ. ಬಿಸಿ ಇಂಜಿನ್‌ನಲ್ಲಿ ಮುಚ್ಚಳ ಮುಟ್ಟಲೇಬೇಡಿ.

ಎರಡರಲ್ಲೂ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ಇದೆಯಾ ನೋಡಿಸಿ. "ಹೀಟ್ ಆಗಲ್ಲ ಸಾರ್" ಅಂತ ಅದನ್ನು ಕಿತ್ತು ಬಿಸಾಡುವ ಚಾಳಿ ನಮ್ಮ ಕಡೆ ಜಾಸ್ತಿ. ಆಮೇಲೆ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಇಸಿಯು (ಇಂಜಿನ್‌ನ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬಿತ್ತು ಅಂತ ಇಂಜೆಕ್ಟರ್ ಕ್ಲೀನ್ ಮಾಡಿಸಿಕೊಂಡು ಓಡಾಡಬೇಕು.

ಶಿರಾಡಿ_ತಿರುವು: ತುಕ್ಕು? ಎರಡೂ ಕರಾವಳಿಯಲ್ಲೇ ಓಡಿದ ಗಾಡಿ.

ಟಾರ್ಕ್_ರೆಂಚ್: ಹಾಗಿದ್ದರೆ ಮೊದಲು ಅದನ್ನೇ ನೋಡಿ. ಮುಂದಿನ ಮ್ಯಾಟ್ ಎತ್ತಿ ಫ್ಲೋರ್, ಸ್ಟೆಪ್ನಿ ಗುಂಡಿ, ಜಾಕ್ ಕೊಡುವ ಜಾಗ. ಬಾನೆಟ್ ಎತ್ತಿದಾಗ ಕಾಣುವ ಸ್ಟ್ರಟ್ ಟವರ್‌ನ (ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಗೂಡು) ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅನ್ನದೆ ಮಂಕು ಸದ್ದು ಬಂದರೆ ಪುಟ್ಟಿ ಮೆತ್ತಿದ್ದಾರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹೊಡೆಯಿರಿ, ಟಿಕ್ ಟಿಕ್ ಅಂದರೆ ಹೊರಗಿನ ಸಿವಿ ಜಾಯಿಂಟ್ (ಚಕ್ರ ತಿರುಗಿಸುವ ಆಕ್ಸಲ್‌ನ ಕೀಲು) ಸವೆದಿದೆ. ಇವು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬರುವ ಮುಂಚಿನ ಕಾರು, ಎಥನಾಲ್ ಹಳೆಯ ರಬ್ಬರ್ ಹಾಳು ಮಾಡಬಹುದು, ಪೆಟ್ರೋಲ್ ಹೋಸ್ ಬಿರುಕು ಬಿಟ್ಟಿದ್ದರೆ ಮೊದಲ ದಿನವೇ ಬದಲಾಯಿಸಿ.

ನಾಲ್ಕನೇ_ಗೇರ್: ಆರ್‌ಸಿಯನ್ನೂ ನೋಡಿ. 2020ರಲ್ಲಿ ನವೀಕರಿಸಿದ್ದರೆ ಅದರ ಐದು ವರ್ಷ 2025ಕ್ಕೆ ಮುಗಿಯಿತು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಮಾರುವವರೇ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಕೊಡಲಿ, ಇಲ್ಲ ಆ ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಲಿ.