ಪ್ರಶ್ನೋತ್ತರ: ಕಂಟೇನರ್‌ನ ಪಾಸ್‌ಡಬ್ಲ್ಯುಡಿ ಕಡತಕ್ಕೆ 664 ಅನುಮತಿ ಇದ್ದರೆ ತೊಂದರೆಯೇ?

ಪ್ರಶ್ನೆ: ಮೇಡಂ, ನಮ್ಮ ಕಂಟೇನರ್ ಇಮೇಜಿನ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಕಡತಗಳ ಕಟ್ಟಿನ) ತಪಾಸಣಾ ವರದಿಯಲ್ಲಿ ಇಟಿಸಿ ಡೈರೆಕ್ಟರಿಯ ಪಾಸ್‌ಡಬ್ಲ್ಯುಡಿ (/etc/passwd) ಎಂಬ ಬಳಕೆದಾರರ ಪಟ್ಟಿಯ ಕಡತದ ಅನುಮತಿ 664 ಇದೆ, 644 ಇರಬೇಕು ಎಂದು ಬಂದಿದೆ. ನಮ್ಮ ಪ್ರೋಗ್ರಾಂ ರೂಟ್ (ಎಲ್ಲ ಹಕ್ಕುಗಳಿರುವ ಬಳಕೆದಾರ) ಆಗಿ ಓಡುವುದೇ ಇಲ್ಲ, ಅದರ ಬಳಕೆದಾರ ಸಂಖ್ಯೆ 1001. ಪಾಸ್‌ವರ್ಡುಗಳೂ ಆ ಕಡತದಲ್ಲಿ ಇಲ್ಲ. ಇದನ್ನು ಬಿಟ್ಟುಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. 664ರ ನಡುವಿನ 6 ಎಂದರೆ ಆ ಕಡತದ ಗುಂಪಿಗೂ ಬರೆಯುವ ಹಕ್ಕಿದೆ ಎಂದರ್ಥ, ಮತ್ತು ಆ ಗುಂಪು ರೂಟ್, ಅಂದರೆ ಸಂಖ್ಯೆ 0. ನಿಮ್ಮ ಇಮೇಜಿನಲ್ಲಿ 1001ಕ್ಕೆ ಹೆಸರಿನ ಸಾಲೇ ಇಲ್ಲದಿದ್ದರೆ, ಗುಂಪನ್ನೂ ನೀವು ಸೂಚಿಸದಿದ್ದರೆ, ಕಂಟೇನರ್ ಓಡಿಸುವ ಡಾಕರ್ ಆ ಪ್ರಕ್ರಿಯೆಯನ್ನು 0 ಗುಂಪಿನಲ್ಲೇ ಓಡಿಸುತ್ತದೆ. ಬಳಕೆದಾರ ರೂಟ್ ಅಲ್ಲ, ಗುಂಪು ಮಾತ್ರ ರೂಟ್! ಬಹಳ ಮಂದಿ ನೋಡದೆ ದಾಟಿಹೋಗುವ ಜಾಗವಿದು.

ನಿಮ್ಮ ಪ್ರೋಗ್ರಾಂನ ಯಾವುದೋ ದೋಷದ ಮೂಲಕ ಒಳಗೆ ಆದೇಶ ಓಡಿಸಲು ಒಬ್ಬನಿಗೆ ಸಾಧ್ಯವಾಯಿತು ಎನ್ನಿ. ಆ ಕಡತಕ್ಕೆ ಅವನು ಒಂದೇ ಒಂದು ಸಾಲು ಸೇರಿಸುತ್ತಾನೆ: ಹೊಸ ಹೆಸರು, ತಾನೇ ಆರಿಸಿದ ಪಾಸ್‌ವರ್ಡಿನ ಹ್ಯಾಶ್ (ಮರೆಮಾಚಿದ ರೂಪ), ಬಳಕೆದಾರ ಸಂಖ್ಯೆ 0. ಇಮೇಜಿನಲ್ಲಿ ಬೇರೆ ಬಳಕೆದಾರನಾಗಿ ಬದಲಾಗುವ ಎಸ್‌ಯು ಆದೇಶವಿದ್ದು ಅದಕ್ಕೆ ತಡೆಯಿಲ್ಲದಿದ್ದರೆ ಅವನು ರೂಟ್ ಆಗುತ್ತಾನೆ. ಕಡತದಲ್ಲಿ ಮೊದಲು ಏನಿತ್ತು ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಅದರಲ್ಲಿ ಯಾರು ಬರೆಯಬಲ್ಲರು ಎಂಬುದೇ ಮುಖ್ಯ.

ಮರುಪ್ರಶ್ನೆ: ರೂಟ್ ಆದರೂ ಕಂಟೇನರ್ ಒಳಗೇ ಇರುತ್ತಾನಲ್ಲವೇ?

ಉತ್ತರ: ಯೂಸರ್ ನೇಮ್‌ಸ್ಪೇಸ್ (ಒಳಗಿನ ಬಳಕೆದಾರ ಸಂಖ್ಯೆಯನ್ನು ಹೊರಗೆ ಬೇರೆ ಸಂಖ್ಯೆಗೆ ಹೊಂದಿಸುವ ಏರ್ಪಾಡು) ಬಳಸದಿದ್ದರೆ ಒಳಗಿನ 0 ಮತ್ತು ಹೊರಗಿನ ಯಂತ್ರದ 0 ಕರ್ನೆಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಒಂದೇ. 2019ರ ಫೆಬ್ರವರಿಯಲ್ಲಿ ಬಯಲಾದ, ಕಂಟೇನರ್‌ಗಳನ್ನು ಪ್ರಾರಂಭಿಸುವ ರನ್‌ಸಿ ಪ್ರೋಗ್ರಾಂನ ದೋಷವನ್ನು (ಸಿವಿಇ-2019-5736) ನೋಡಿ. ಕಂಟೇನರ್ ಒಳಗೆ ರೂಟ್ ಆಗಿದ್ದವನು ಹೊರಗಿನ ಯಂತ್ರದ ರನ್‌ಸಿ ಕಡತವನ್ನೇ ತಿದ್ದಿ ಬರೆದು ಆ ಯಂತ್ರವನ್ನು ವಶಪಡಿಸಿಕೊಳ್ಳಬಹುದಿತ್ತು. ಆ ದೋಷ ಸರಿಯಾಗಿದೆ. ಆದರೆ ಅಂಥ ಇನ್ನೊಂದು ದೋಷ ಸಿಕ್ಕಿದ ದಿನ, ಒಳಗೆ ರೂಟ್ ಆಗಿರುವವನು ಅರ್ಧ ದಾರಿ ಸವೆಸಿರುತ್ತಾನೆ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಓಪನ್‌ಶಿಫ್ಟ್. 644 ಮಾಡಿದರೆ ಪ್ರೋಗ್ರಾಂ ನಿಂತುಹೋಗುವುದಿಲ್ಲವೇ?

ಉತ್ತರ: ಓಪನ್‌ಶಿಫ್ಟ್ (ಕುಬರ್ನೆಟಿಸ್ ಆಧಾರಿತ ಕಂಟೇನರ್ ವೇದಿಕೆ) ಪ್ರತಿ ಯೋಜನೆಗೂ ಬೇರೆ ಬಳಕೆದಾರ ಸಂಖ್ಯೆ ಕೊಡುತ್ತದೆ, ಗುಂಪು ಮಾತ್ರ 0. ಆ ಸಂಖ್ಯೆಗೆ ಹೆಸರಿಲ್ಲದೆ ಕೆಲವು ಪ್ರೋಗ್ರಾಂಗಳು ನಿಲ್ಲುತ್ತಿದ್ದವು. ಅದಕ್ಕಾಗಿಯೇ ಹಿಂದೆ ಕಡತವನ್ನು ಗುಂಪಿಗೆ ತೆರೆದಿಟ್ಟು, ಪ್ರಾರಂಭದ ಸ್ಕ್ರಿಪ್ಟಿನಿಂದ ಹೆಸರು ಸೇರಿಸುವ ರೂಢಿ ಬಂತು. ಓಪನ್‌ಶಿಫ್ಟ್ 4.2ರಿಂದ ಆ ಹೆಸರಿನ ಸಾಲನ್ನು ಅದರಲ್ಲಿ ಕಂಟೇನರ್ ಓಡಿಸುವ ಕ್ರೈ-ಓ ತಾನೇ ಸೇರಿಸುತ್ತದೆ. ಅನುಮತಿ ತೆರೆಯುವ ಹಳೆಯ ಸಾಲುಗಳು ಡಾಕರ್‌ಫೈಲ್‌ನಿಂದ (ಇಮೇಜ್ ಕಟ್ಟುವ ಸೂಚನೆಗಳ ಕಡತದಿಂದ) ಡಾಕರ್‌ಫೈಲ್‌ಗೆ ನಕಲಾಗುತ್ತಲೇ ಬಂದಿವೆ, ಅಷ್ಟೇ. ಧೈರ್ಯವಾಗಿ ತೆಗೆದುಹಾಕಿ, ಇಮೇಜನ್ನು ಮತ್ತೆ ಕಟ್ಟಿ, ಒಮ್ಮೆ ಓಡಿಸಿ ನೋಡಿ.

ಕುಬರ್ನೆಟಿಸ್‌ನಲ್ಲಿ (ಹಲವು ಯಂತ್ರಗಳಲ್ಲಿ ಕಂಟೇನರ್‌ಗಳನ್ನು ನಿರ್ವಹಿಸುವ ವ್ಯವಸ್ಥೆಯಲ್ಲಿ) ‘ಅಲೋ ಪ್ರಿವಿಲೇಜ್ ಎಸ್ಕಲೇಶನ್’ ಆಯ್ಕೆಯನ್ನು ‘ಫಾಲ್ಸ್’ ಮಾಡಿ. ಆಗ ಎಸ್‌ಯುನಂಥ ಸೆಟ್‌ಯುಐಡಿ ಆದೇಶಗಳು (ಯಾರು ಓಡಿಸಿದರೂ ಕಡತದ ಒಡೆಯನ ಹಕ್ಕಿನಲ್ಲಿ ಓಡುವಂಥವು) ರೂಟ್ ಹಕ್ಕು ಕೊಡುವುದಿಲ್ಲ. ಮೂಲ ಕಡತವ್ಯವಸ್ಥೆಯನ್ನು ಓದಲು ಮಾತ್ರ ಎಂದು ಇಟ್ಟರೆ ಈ ಸಾಲು ಸೇರಿಸುವುದೇ ಆಗದು. ಇವೆರಡೂ ಇವೆ ಎಂದು 664 ಅನ್ನು ಹಾಗೆಯೇ ಬಿಡಬೇಡಿ, ಏಕೆಂದರೆ ಅದೇ ಇಮೇಜನ್ನು ನಾಳೆ ಇನ್ನೊಂದು ತಂಡ ಈ ಆಯ್ಕೆಗಳಿಲ್ಲದೆ ಓಡಿಸಬಹುದು. ಜೊತೆಗೆ, 0 ಗುಂಪಿಗೆ ಬರೆಯುವ ಹಕ್ಕಿರುವ ಎಲ್ಲ ಕಡತಗಳನ್ನೂ ಫೈಂಡ್ ಆದೇಶದಿಂದ ಪಟ್ಟಿ ಮಾಡಿ. ರೂಟ್ ಓಡಿಸುವ ಸ್ಕ್ರಿಪ್ಟ್ ಯಾವುದಾದರೂ ಅದರಲ್ಲಿ ಕಂಡರೆ ಆ ಪಟ್ಟಿಯನ್ನು ಇಲ್ಲಿ ಹಾಕಿ, ನೋಡುತ್ತೇನೆ.